ಬಲಗಿವಿಯ ಕೆಲಸ

ಎಡಗಿವಿ ತೋಟೆಗೆ ಹೋಯಿತು, ಹತ್ತೊಂಬತ್ತನೇ ವಯಸ್ಸಿಗೆ,
ಮುತ್ತತ್ತಿಯ ಕೆಳಗಿನ ಮಡುವಿನಲ್ಲಿ. ಬತ್ತಿ ಗಿಡ್ಡವಾಗಿತ್ತು.
ಬಿಳಿಮೀನು ಹೊಟ್ಟೆ ಮೇಲಾಗಿ ತೇಲಿದವು.
ನಾನು ನಗುತ್ತಿದ್ದೆನಂತೆ. ನನ್ನ ನಗು ನನಗೆ ಕೇಳಲಿಲ್ಲ.

ಈಗ ಬಲಗಿವಿಗೆ ಸಂಬಳ.
ವೈಶಾಲಿ ಮೇಡಂ ಮೀನಿನ ಹೊಟ್ಟೆ ಎರಡು ಬೆರಳಗಲ ಕೊಯ್ದು
ಹುಣಸೆಬೀಜದಷ್ಟು ಗುಂಡು ಇಟ್ಟು ಮೂರು ಹೊಲಿಗೆ ಹಾಕುತ್ತಾರೆ.
ಒದ್ದೆ ಬಟ್ಟೆಯಲ್ಲಿ ಅದರ ಕಣ್ಣು ಮುಚ್ಚಿ ಹಿಡಿಯುವವನು ನಾನು.
ಮಡುವನ್ನು ಬಾಲದಲ್ಲಿ ಕಡೆದು
ಸೀತಮ್ಮನ ಮೂಗುತಿಯ ಮುತ್ತು ಎತ್ತಿದನಲ್ಲ ನಮ್ಮ ರಾಯ,
ನಾವು ತಿರುಗಿ ಹೊಳೆಗೇ ಹಾಕುತ್ತಿದ್ದೇವೆ, ಒಂದೊಂದಾಗಿ
ಅಂದೆ. ಮೇಡಂ ನಕ್ಕರು. ಆಮೇಲೆ ಬರೆದುಕೊಂಡರು.

ಬಂಡೆಬುಡಕ್ಕೆ ಸರಪಳಿ ಕಟ್ಟಿ ಇಳಿಬಿಟ್ಟ ಕಿವಿಗಳು ಹನ್ನೊಂದು.
ಉಳಿದ ಕಡೆ ನಾನು, ತೆಪ್ಪ ನಿಲ್ಲಿಸಿ, ಕೋಲು ಇಳಿಸಿ.
ಒಂದೊಂದು ಮೀನಿಗೆ ಒಂದೊಂದು ತಾಳ.
ಟಕ್. ಟಕ್ ಟಕ್. ಟಕ್. ಇದು ಮೂವತ್ತೇಳು.
ಹಗಲೆಲ್ಲ ಮಡುವಿನ ತಳದಲ್ಲಿ ಕೂತಿರುತ್ತಿತ್ತು,
ದೀಪ ಹಚ್ಚುವ ಹೊತ್ತಿಗೆ ಹೊಳೆಮತ್ತಿಯ ನೆರಳು ದಾಟಿ ಹರಿವಿಗೆ.
ಕಟ್ಟೆಯಿಂದ ನೀರು ಬಿಟ್ಟ ರಾತ್ರಿ ಎಂಟು ಮೈಲಿ ಏರಿ ಹೋಗಿ
ಮೂರನೇ ದಿನ ಅದೇ ಬಂಡೆಗೆ ವಾಪಸ್ಸು,
ತವರಲ್ಲಿ ಜಗಳ ಮಾಡಿಕೊಂಡು ಬಂದವಳ ಹಾಗೆ.
ಅಷ್ಟು ವರ್ಷ ಕೊಂದ ಮೀನಿಗೆ ಮನೆ ಇತ್ತೆಂದು
ನನಗೆ ಯಾರೂ ಹೇಳಿರಲಿಲ್ಲ.

ಕಾರ್ತಿಕದಲ್ಲಿ ಮೂವತ್ತೇಳು ಕೇಳಲಿಲ್ಲ.
ಹನ್ನೊಂದು ಕಿವಿಗೂ ಕೇಳಲಿಲ್ಲ.
"ಬ್ಯಾಟರಿ ಹೋಗಿರಬೇಕು, ಕುಳ್ಳೀರಯ್ಯ," ಅಂದರು ಮೇಡಂ.
ಅದಕ್ಕೆ ಎರಡು ವರ್ಷ ಆಯಸ್ಸೆಂದು ಹೇಳಿದ್ದೂ ಅವರೇ.

ಅಕ್ಕನ ಮೊಮ್ಮಗಳು ಜಾಮಿಟ್ರಿ ಡಬ್ಬಿ ತೆರೆದಳು:
ಮುರಿದ ಕೈವಾರ, ಎರಡು ಗೋಲಿ, ಒಂದು ಕಪ್ಪು ಗುಂಡು.
"ಅಪ್ಪ ತಂದ ಮೀನಲ್ಲಿ ಸಿಕ್ತು ತಾತ. ಕಲ್ಲು."
ಕಿವಿಗೆ ಹಿಡಿದೆ. ಗಾಳಿಯಲ್ಲಿ ಅದಕ್ಕೆ ಬಾಯಿಲ್ಲ.

ರಾತ್ರಿ ಬಚ್ಚಲ ಹಂಡೆಗೆ ಹಾಕಿ
ಕೋಲು ಇಳಿಸಿದೆ.
ಟಕ್. ಟಕ್ ಟಕ್. ಟಕ್.
ನಾಳೆ ಮೀಯುವ ನೀರಿನಲ್ಲಿ, ಮಸಿ ಹಿಡಿದ ತಾಮ್ರದೊಳಗೆ,
ಎಲ್ಲಿಗೂ ಹೋಗದೆ.
"ಯಾರ್ ಜತೆಲಾ ಕೂತಿದ್ದೀಯ ಕತ್ಲಲ್ಲಿ?" ಅಕ್ಕನ ದನಿ,
ಎಡಗಡೆಯಿಂದ ಬಂದಿರಬೇಕು, ತಡವಾಗಿ ಕೇಳಿತು.

ಅಳಿಯನ ಹೆಸರು ಹೇಳಿದರೆ ಕೇಸು.
ಅವನಿಗೆ ಬತ್ತಿ ಕತ್ತರಿಸಲು ಕಲಿಸಿದವನು ನಾನು.

ಬೆಳಿಗ್ಗೆ ಮೇಡಂ ಮುಂದೆ ಅಂಗೈ ಬಿಚ್ಚಿದೆ.
ಅವರು ಗುಂಡು ನೋಡಲಿಲ್ಲ, ನನ್ನ ಎಡಗಿವಿ ನೋಡಿದರು,
ಪುಸ್ತಕ ನನ್ನ ಕಡೆಗೆ ತಳ್ಳಿದರು.
ಕೋಳಿಕಾಲಿನ ಅಕ್ಷರದಲ್ಲಿ ಬರೆದೆ:
ಮೂವತ್ತೇಳು. ರಾತ್ರಿ ಹನ್ನೊಂದು. ನಮ್ಮನೆ ಹಂಡೆ.
ಮೀನಿಲ್ಲ. ಕೂಗುತ್ತಿದೆ.