ಕೇರಾಫ್

ಟೋಕನ್ ನೂರ ಹದಿನೇಳು.
ಗೋಡೆಯ ಮೇಲೆ ಈಗಿನ್ನೂ ಅರವತ್ತೆರಡು ಕೆಂಪಗೆ ಮಿಣುಕುತ್ತಿದೆ.
ಅಂಗಡಿಯ ಶಟರು ಅರ್ಧ ಎಳೆದು
ಪಕ್ಕದ ಝೆರಾಕ್ಸಿನವನಿಗೆ ಒಂದು ಕಣ್ಣಿಟ್ಟಿರಪ್ಪ ಎಂದು ಬಂದೆ.
ಒಳಗೆ ಹನ್ನೊಂದು ಸೀರೆ ಫಾಲ್‌ಗೆ ಕಾದಿವೆ,
ಅದರಲ್ಲೊಂದು ನಾಳಿನ ಮುಹೂರ್ತದ್ದು.

ಕಮಲಾನಗರದ ಬೆಂಗಳೂರು ಒನ್‌ನಲ್ಲಿ
ಫ್ಯಾನು ತಿರುಗುವುದು ಕೌಂಟರಿನ ಆ ಕಡೆಗೆ ಮಾತ್ರ.
ಲ್ಯಾಮಿನೇಶನ್ ಮಾಡಿಸಿದ ಹಳೇ ಆಧಾರ್ ಕಾರ್ಡಿನಲ್ಲೇ
ಗಾಳಿ ಬೀಸಿಕೊಳ್ಳುತ್ತೇನೆ.
ಹದಿಮೂರು ವರ್ಷದ ಹಿಂದಿನ ಫೋಟೋ.
ಅಂದು ಮಗಳು ಸೊಂಟದ ಮೇಲಿದ್ದಳು;
ಮಗು ಕೆಳಗಿಳಿಸಿ ಅಂದಿದ್ದ ಕ್ಯಾಮೆರಾದವನು.
ಇಳಿಸಿದ್ದೆ. ಅವಳು ಸೆರಗು ಬಿಟ್ಟಿರಲಿಲ್ಲ.
ಚಿತ್ರದಲ್ಲಿ ನನ್ನ ಎಡಭುಜ ಇವತ್ತಿಗೂ ಒಂದು ಕಡೆಗೆ ಜಗ್ಗಿದೆ,
ಜಗ್ಗಿದ ಕೈ ಚೌಕಟ್ಟಿನಾಚೆ.

ಮೂರೂವರೆಗೆ ನನ್ನ ಸರದಿ.
ಹುಡುಗನ ಕೊರಳ ಪಟ್ಟಿಯಲ್ಲಿ ಲಿಖಿತ್ ಎಂದಿದೆ.
ತಲೆ ಎತ್ತದೆ ಓದುತ್ತಾನೆ:
ಹೊನ್ನಗಂಗಮ್ಮ.
ಹಳೇ ನಂಬರು ನಲವತ್ತೊಂದು ಬಾರ್ ಎರಡು, ಹೊಸದು ಒಂಬತ್ತು,
ನಾಲ್ಕನೇ ಕ್ರಾಸು, ಹುಣಸೆಮರದ ಎದುರು.
ಮರ ಇದೆಯಾ?
ಮೋರಿ ಅಗಲ ಮಾಡಿದಾಗ ಕಡಿದರು ಅಂದೆ.
ಬದಲಾಯಿಸಬೇಕಾ?
ಯೋಚಿಸುವಷ್ಟರಲ್ಲಿ ಅವನು ಮೇಲಿನ ಸಾಲಿಗೆ ಹೋಗಿದ್ದ.

ಕೇರಾಫ್ ಕೆಂಪಹನುಮಯ್ಯ. ಇದೇ ಇರ್ಲಾ?

ಒಂಬತ್ತು ಯುಗಾದಿ ಕಳೆದವು ಆತ ಹೊರಟು.
ಸತ್ತಿಲ್ಲ, ಹಾಗೆನ್ನಬಾರದು.
ದಾಬಸ್‌ಪೇಟೆಯಲ್ಲಿ ಬೇರೊಂದು ರೇಷನ್ ಕಾರ್ಡಿನಲ್ಲಿದ್ದಾನಂತೆ.
ಟೈಫಾಯಿಡ್ ಬಂದಾಗ ವಿಕ್ಟೋರಿಯಾ ಆಸ್ಪತ್ರೆಯ ವರಾಂಡದಲ್ಲಿ
ಹದಿನೆಂಟು ರಾತ್ರಿ ಗಂಜಿ ಕುಡಿಸಿದೆನಲ್ಲ,
ಆಗ ಅವನ ಕಾರ್ಡಿನಲ್ಲಿ ಯಾರ ಕೇರಾಫ್ ಇತ್ತೋ
ನಾನು ತಿರುಗಿಸಿ ನೋಡಲಿಲ್ಲ.

ಅಪ್ಪನ ಹೆಸರು ಹಾಕ್ಲಾ?
ತಿಮ್ಮಬೈರಯ್ಯ ತೀರಿಕೊಂಡು ನಾಲ್ಕು ವರ್ಷ.
ಪರವಾಗಿಲ್ಲ, ಪ್ರೂಫ್ ಇದ್ರೆ ನಡೆಯತ್ತೆ.
ಮಣ್ಣಲ್ಲಿರುವವರ ಕೈಗೆ ನನ್ನನ್ನು ಒಪ್ಪಿಸುತ್ತೀಯಲ್ಲ ಮಗನೇ
ಎನ್ನಬೇಕೆಂದುಕೊಂಡೆ, ಅನ್ನಲಿಲ್ಲ; ಹಿಂದೆ ಐವತ್ತು ಜನ.
ಮಗನದು ಕೊಡಿಸಿ ಮೇಡಂ, ಬೇಗ ಆಗತ್ತೆ, ಅದರಲ್ಲೇ ಒಬ್ಬರು.
ಮಗಳಿದ್ದಾಳೆ.
ಮೇಜರಾ?
ಹದಿನೈದು.
ಲಿಖಿತ್ ನಾಲಿಗೆಯಲ್ಲಿ ಲೊಚಗುಟ್ಟಿದ.

ಖಾಲಿ ಬಿಟ್ಟರೆ?

ಆಗ ಮೊದಲ ಸಲ ನನ್ನ ಮುಖ ನೋಡಿದ.
ಬಿಡಬಹುದು. ಅದರ ಮುಂದೆ ನಕ್ಷತ್ರ ಇಲ್ಲ.
ಕೆಂಪು ನಕ್ಷತ್ರ ಇದ್ದರೆ ಮಾತ್ರ ಕಡ್ಡಾಯ.

ರೋಹಿಣಿ, ಎರಡನೇ ಪಾದ ಎಂದು
ಮಾಗಡಿಯ ಜೋಯಿಸರು ಬೆರಳು ಮಡಚಿ ಎಣಿಸಿ
ಹತ್ತರಲ್ಲಿ ಎಂಟು ಕೂಡಿವೆ, ಇನ್ನೇನು ಬೇಕು ಅಂದಿದ್ದರು.
ನಕ್ಷತ್ರ ನೋಡಿ ಕಟ್ಟಿದ್ದು
ನಕ್ಷತ್ರ ಇಲ್ಲವೆಂದು ಬಿಚ್ಚಿಕೊಂಡಿತು.

ಅಳಿಸುವ ಗುಂಡಿ ಒತ್ತಿದ. ಹಿಂದಿನಿಂದ ಹೊರಟಿತು ಹೆಸರು:
ಯ್ಯ ಹೋಯಿತು, ಮ ಹೋಯಿತು, ನು, ಹ.
ಕೆಂಪ ಎಂದಷ್ಟೇ ನಿಂತಿತು ಒಂದು ಗಳಿಗೆ,
ಅವನವ್ವ ಕೊಟ್ಟಿಗೆಯಿಂದ ಕೂಗುತ್ತಿದ್ದ ಹಾಗೆ.
ಅಷ್ಟಿರಲಿ ಬಿಡಪ್ಪ ಅನ್ನಲು ಬಾಯಿ ತೆರೆದೆ.
ಹುಡುಗನ ಬೆರಳು ಬಹಳ ಚುರುಕು.

ನೇರ ಕೂತ್ಕೊಳ್ಳಿ, ಕ್ಯಾಮೆರಾ ನೋಡಿ.
ಎಡಗೈ ತಾನಾಗಿ ಸೊಂಟದ ಬಳಿ ಬಾಗಿತ್ತು.
ಎತ್ತಿ ಮಡಿಲಲ್ಲಿಟ್ಟುಕೊಂಡೆ.

ಮೂರನೇ ವಾರ ಲಕೋಟೆ ಬಂತು.
ಮಗಳೇ ಒಡೆದಳು, ಅಂಗಡಿಯ ಮೆಟ್ಟಿಲ ಮೇಲೆ ಕೂತು.
ಹೆಸರು. ಕೆಳಗೆ ಸೀದಾ ಮನೆ ನಂಬರು.
ನಡುವೆ ಏನೂ ಇಲ್ಲ.
ಸೆರಗು ನೆಟ್ಟಗಿದೆ, ಭುಜ ಯಾರದೋ ಅನ್ನಿಸುವಷ್ಟು.
ಹುಣಸೆಮರ ಮಾತ್ರ ಹಾಗೇ ನಿಂತಿದೆ ಎದುರು.
ಅಯ್ಯೋ ಅಮ್ಮ, ಇದನ್ನ ತೆಗೆಸೋದು ಮರೆತ್ಯಾ?

ಮೊದಲು ಈ ಸೂಜಿಗೆ ದಾರ ಪೋಣಿಸಿಕೊಡು ಅಂದೆ,
ಕತ್ತಲಾಗುತ್ತಿದೆ.