ಎದುರಿನ ಅಂಚು

ದುರ್ಗದ ಬೈಲಿನ್ಯಾಗ, ಬಳಿ ಅಂಗಡಿ ಮಗ್ಗಲಕ
ಒಂದು ಸ್ಟೂಲು, ಒಂದು ಭೂತಗನ್ನಡಿ,
ಬಂಗಾರ ತೂಗೂ ಸಣ್ಣ ತಕ್ಕಡಿ.
ಮೂವತ್ತೊಂದು ವರ್ಷ ಬಸ್ಸಿನ ಚೀಲದಾಗ
ಚಿಲ್ಲರೆ ನೋಡದ ಎಣಿಸಿದ ಬೆರಳು
ಈಗ ಒಂದೊಂದನ್ನ ಬಿಸಲಿಗೆ ಹಿಡದು ತಿರುವತಾವು.

ಬರತಾರ ಮಂದಿ, ಮುಷ್ಟಿ ಬಿಗಿ ಹಿಡಕೊಂಡು.
"ಟಂಕಸಾಲಿ ತಪ್ಪರೀ ಇದು, ಲಕ್ಷ ಬರತೈತಂತ."
ನಿನ್ನಿದು ರೈಲಿನ ಗಾಲಿ ಕೆಳಗ ಹಪ್ಪಳಾಗಿತ್ತು.
ಮೊನ್ನಿದು ಆ್ಯಸಿಡ್ ಕುಡದು ತೆಳ್ಳಗ,
ಅಕ್ಷರ ಎಲ್ಲಾ ಇದ್ದೂ ಜ್ವರ ಬಿಟ್ಟವರ ಮಾರಿ.

ಗೀರು ಬಿದ್ದರ ಲೋಹ ಎಲ್ಲಿಗೂ ಹೋಗಂಗಿಲ್ಲ;
ಮಗ್ಗಲಕ ಸರದು ದಿಬ್ಬಾಗಿ ಕುಂತಿರತೈತಿ,
ಕುಂಟಿ ಹೊಡದ ಎರಿ ಮಣ್ಣಿನಂಗ.
ಅಚ್ಚು ಒಡದು ಎದ್ದ ಗೆರಿಗೆ ಆ ತಗ್ಗು ಇಲ್ಲ.
ಇಷ್ಟು ಹೇಳೂದ್ರಾಗ ಅರ್ಧ ಮಂದಿ ಎದ್ದು ಹೋಗಿರತಾರ.

ನನ್ನ ಕಡೆ ಖರೇ ತಪ್ಪು ಒಂದ ಐತಿ.
ಅಣ್ಣಿಗೇರಿ ದಾಟಿದ ಮ್ಯಾಲೆ ಯಾರೋ ಟಿಕೀಟಿಗೆ ಕೊಟ್ಟದ್ದು.
ಒಂದು ಕಡೆ ಚಂದ್ರನಂಗ ಕಡದೈತಿ,
ನೆಟ್ಟಗ ಅದರ ಎದುರಿಗೆ ಅಂಚು ಮಂಕು.
ಅಚ್ಚಿಗೆ ಹೋಗೂ ಮೊದಲ ಇಲ್ಲಿ ಲೋಹ ಇರಲಿಲ್ಲ,
ಹಂಗಾಗಿ ಅಲ್ಲಿ ಒತ್ತು ಸಿಗಲಿಲ್ಲ.
ಸುಳ್ಳು ಮಾಡಾಂವ ಕಡದ ಕಡೆ ಅಷ್ಟ ನೋಡತಾನ.

ಇವತ್ತು ಹಳೇ ಹುಬ್ಬಳ್ಳಿ ದಿಲ್ಶಾದಬಿ ನದಾಫ,
ಕರ್ಚೀಫಿನ ಗಂಟು ಬಿಚ್ಚಿ ಇಟ್ಟಳು:
ಎಂಬತ್ತೈದನೇ ಇಸವಿ ರೂಪಾಯಿ, ಒಂದು ಅಂಚು ತಿಂದದ್ದು.
ಆರು ಗ್ರಾಮ್ ಇರಬೇಕಾದ್ದು ಐದೂವರಿ.
ತಿರುವಿದೆ. ಎದುರಿನ ಅಂಚು ಗಟ್ಟಿ, ಪೂರಾ.
ಕನ್ನಡಿಯೊಳಗ ಅರದಿಂದ ತಿಕ್ಕಿದ ಗೆರಿ, ಒಂದ ದಿಕ್ಕಿಗೆ,
ಅವಸರ ಇಲ್ಲದ ಕೈಯಿಂದ.

"ಮನ್ಯಾಗ ಹೊಲಿಗಿ ಮಶೀನು ಐತೇನವಾ?"
"ಐತ್ರಿ. ನಮ್ಮ ಅಬ್ಬಾಂದು."
"ತಿರುಪು ಯಾತರಿಂದ ಬಿಗಿ ಮಾಡತಿದ್ರು?"

ಸುಮ್ಮನಾದಳು.
ನಾಣ್ಯ ಎರಡು ಬೆರಳಾಗ ಹಿಡದು
ಗಾಳ್ಯಾಗ ಅರ್ಧ ಸುತ್ತು ತಿರುವಿದಳು;
ಮಣಿಕಟ್ಟಿಗೆ ನೆನಪಿತ್ತು.

"ನಾಕು ದಿನ ಆತ್ರಿ, ಆ ತಿರುಪು ಸಡಲಾಗಿ
ದಾರ ಒಂದ ಸವನ ಹರೀತೈತಿ.
ಮನಿ ತುಂಬ ಹುಡುಕೇನಿ."

ನೋಡಿದ್ದಕ್ಕ ಹತ್ತು ರೂಪಾಯಿ ಇಟ್ಟಳು.
ಬ್ಯಾಡ ಅಂದೆ. ಬಿಡಲಿಲ್ಲ.
ಆಕಿ ಹ್ವಾದ ಮ್ಯಾಲೆ ಅದನ್ನೂ ತಿರುವಿ ನೋಡಿದೆ,
ಏನೂ ಇರಲಿಲ್ಲ, ಚಾ ಕುಡದೆ.