ಜಲ್ಲಿ ಬಂದ ವಾರ

ಬಾಡಿಗೆ ನಾಲ್ಕೂವರೆ ಸಾವಿರ. ಇಷ್ಟು ಕಮ್ಮಿ ಯಾಕೆ
ಎಂದು ಮೊದಲ ದಿನ ನಾನು ಕೇಳಲಿಲ್ಲ,
ಪಿಳ್ಳಮ್ಮನೂ ಹೇಳಲಿಲ್ಲ.
ಮೇ ತಿಂಗಳ ಒಂದು ಸಂಜೆ ನೀರೇ ಬಂದು ಹೇಳಿತು.
ನಮ್ಮ ಮೂರನೇ ಅಡ್ಡರಸ್ತೆ ಹಿಂದೆ ಕೆರೆಯ ಕಾಲುವೆಯಂತೆ.
ಅಡ್ವಾನ್ಸು ವಾಪಸು ಕೇಳಲು ಬಂದ
ಹಳೇ ಬಾಡಿಗೆದಾರನ ಹಾಗೆ
ಹೊಸಿಲ ಮೇಲೆ ಕೂತೇಬಿಟ್ಟಿತು.

ಅಂದಿನಿಂದ ನನಗೆ ಎರಡು ಜೊತೆ ಚಪ್ಪಲಿ:
ಕೆಸರಿನದು, ಸಿಟಿಯದು.
ಬಸ್ ಸ್ಟಾಪಿನಲ್ಲಿ ಖಲಂದರ್ ಅಂಗಡಿಯ ಹಲಗೆ ಕೆಳಗೆ
ಹಗಲೆಲ್ಲ ಸಾಲಾಗಿ ನಮ್ಮ ಕೆಸರು:
ಗಾರ್ಮೆಂಟ್ಸಿನ ರತ್ನಿ, ಸೆಕ್ಯುರಿಟಿ ದೀಪೇನ್,
ನರ್ಸಿಂಗ್ ಹೋಮಿನ ನಾನು.
ಒಂದು ಬಕೆಟ್ಟು, ಒಂದು ಚೊಂಬು. ಕಾಲು ತೊಳೆದು
ಆರೂ ಮುಕ್ಕಾಲರ ಮೆಜೆಸ್ಟಿಕ್ ಬಸ್ಸು ಹತ್ತಿದರೆ
ಎಲ್ಲಿಂದ ಬಂದೆವೆಂದು ಯಾರಿಗೂ ತಿಳಿಯದು.
ದೀಪೇನನ ಹೆಬ್ಬೆರಳ ಉಗುರು ಮಾತ್ರ ಬಾಯಿಬಿಡುತ್ತದೆ.

ಹಿಂದುಗಡೆ ಪಿಳ್ಳಮ್ಮನಿಗೆ ಉಳಿದ ಹತ್ತು ಗುಂಟೆ.
ರಾಗಿ, ನಡುವೆ ಅವರೆಯ ಅಕ್ಕಡಿ,
ಮೂಲೆಯಲ್ಲಿ ಸೈಟಿನ ಕಲ್ಲು, ಹಸು ಮೈ ಉಜ್ಜಲು.
ಚೆನ್ನಾಗಿ ಹುಯ್ದು ಕರೆಂಟು ಹೋದ ರಾತ್ರಿ
ಫೋನಿನಲ್ಲಿ ಕಪ್ಪೆಗಳ ಗದ್ದಲ ಕೇಳಿ ಅಕ್ಕ
"ಯಾವ ಮದ್ವೆಮನೇಲಿದ್ದೀಯೆ?" ಅನ್ನುತ್ತಾಳೆ.
ಬೆಳಿಗ್ಗೆ ಬಾಗಿಲಲ್ಲಿ ಒಂದು ಕಟ್ಟು ಅಣ್ಣೆಸೊಪ್ಪು.
ಯಾರಿಟ್ಟರೆಂದು ಕೇಳುವ ಹಾಗಿಲ್ಲ.

ಮೂರು ವರ್ಷ ಬೈದಿದ್ದೇನೆ ಈ ರಸ್ತೆಯನ್ನು,
ನೆರಿಗೆ ಎತ್ತಿ ಹಿಡಿದು, ಹಲ್ಲು ಕಚ್ಚಿ.
ಅರ್ಜಿಯಲ್ಲಿ ಮೊದಲ ಸಹಿಯೂ ನನ್ನದೇ.

ಸೋಮವಾರ ಎರಡು ಲೋಡು ಜಲ್ಲಿ ಬಂತು.
ಪಿಳ್ಳಮ್ಮ ಎಲೆಅಡಿಕೆ ಜಗಿಯುತ್ತ ಆ ಗುಡ್ಡೆಯನ್ನು
ಬೀಗತಿಯನ್ನು ನೋಡುವ ಹಾಗೆ ನೋಡಿ
"ರಸ್ತೆ ಆದ್ಮೇಲೆ ಏಳು ಸಾವ್ರ ಮಾಡ್ಕೊಡ್ಬೇಕಾಯ್ತದೆ ಕಣವ್ವ"
ಅಂದಳು, ನನ್ನ ಮುಖ ನೋಡದೆ.
ಅವಳದೂ ತಪ್ಪಲ್ಲ. ಹಸು ಬತ್ತಿದೆ,
ಮಂಡಿ ಎರಡೂ ಊದಿವೆ.
ಖಲಂದರ್ ಹಲಗೆ ಕೆಳಗಿನ ಜಾಗ
ಗೇಣಿನಲ್ಲಿ ಅಳೆಯುತ್ತಿದ್ದಾನೆ.
ಅಲ್ಲಿಗೊಂದು ಫ್ರಿಜ್ಜು ಬರುತ್ತದಂತೆ.

ಈಗ ರಾತ್ರಿ ಹನ್ನೊಂದು.
ಶೀಟಿನ ಮೇಲೆ ಮೊದಲ ಹನಿಗಳು,
ಯಾರೋ ಮೊರದಲ್ಲಿ ರಾಗಿ ಕೇರಿದ ಹಾಗೆ. ಆಮೇಲೆ ದಬದಬ.
ಒದ್ದೆ ನೆಲಕ್ಕೆ ಡಾಂಬರು ಹಿಡಿಯುವುದಿಲ್ಲ ಎಂದು
ರೋಡು ಕೆಲಸ ಮಾಡಿ ಬಿಟ್ಟ ದೀಪೇನ್ ಹೇಳಿದ್ದ.
ಕಿಟಕಿ ಮುಚ್ಚಲು ಎದ್ದವಳು
ಮುಚ್ಚದೆ ನಿಂತಿದ್ದೇನೆ.
ಹಸ್ತ ಇನ್ನೂ ಆರು ದಿನ ಇದೆ,
ಆಮೇಲೆ ಚಿತ್ತೆ.
ಕೆಸರಿನ ಚಪ್ಪಲಿಯ ಉಂಗುಷ್ಟ ಕಿತ್ತಿದೆ,
ನಾಳೆ ಹೊಲಿಸಬೇಕು.